ಗೊರಕೆಯಿಲ್ಲದ ನಿದ್ದೆ

"ಇಗೋ, ಇಲ್ಲಿ ಮುಚ್ಕೊಳ್ತು."

ಗಂಟಲು ಡಾಕ್ಟರು ಪರದೆಯ ಮೇಲೆ ಬೆರಳಿಟ್ಟರು. ಪರದೆಯ ತುಂಬ ಒದ್ದೆ ಮಾಂಸದ ಗುಹೆ. ಗುಹೆಯ ಗೋಡೆಗಳು ಸುತ್ತಲಿಂದಲೂ ಒಳಕ್ಕೆ ಸರಿದು, ನೆನೆದ ಗೋಣಿಚೀಲದ ಬಾಯಿಯ ಹಾಗೆ ಒಂದಕ್ಕೊಂದು ಅಂಟಿಕೊಂಡವು. ನಡುವೆ ಎಳೆಯಷ್ಟೂ ಸಂದಿ ಉಳಿಯಲಿಲ್ಲ.

ಹೊಲಿಗೆಯಕ್ಕ ಕೈಚೀಲವನ್ನು ಎದೆಗವಚಿಕೊಂಡು ನೋಡುತ್ತಿದ್ದಳು. ಗಂಡನನ್ನು ಆಕೆ ಹೊರಗಿನಿಂದ ಎಷ್ಟೋ ವರ್ಷ ನೋಡಿದ್ದಳು. ಒಳಗಿನಿಂದ ನೋಡುತ್ತಿರುವುದು ಇದೇ ಮೊದಲು, ಅದೂ ಅವನು ಮಣ್ಣಾದ ಮೇಲೆ.

"ಮತ್ತಿನ ಮದ್ದು ಕೊಟ್ಟು ಮಲಗಿಸಿ, ಮೂಗಿನಿಂದ ಸಣ್ಣ ಕೆಮರಾ ಇಳಿಸಿ ನೋಡ್ತೀವಮ್ಮ. ನಿದ್ದೇಲಿ ಉಸಿರು ಎಲ್ಲಿ ಕಟ್ಟುತ್ತೆ ಅಂತ ಕಣ್ಣಾರೆ ಕಾಣುತ್ತೆ. ಅಂಗುಳದ ಹಿಂದೆಯೋ, ನಾಲಗೆಯ ಬುಡದಲ್ಲೋ ಅಂತ. ಎಲ್ಲಿ ಕಟ್ಟುತ್ತೋ ಅಲ್ಲೇ ಆಪರೇಷನ್. ನಿಮ್ಮ ಯಜಮಾನರಿಗೆ ಅಂಗುಳದ ಹಿಂದೆ ಪೂರ್ತಿ ಮುಚ್ಚಿತ್ತು. ಇಂಥ ಗಂಟಲು ಇಟ್ಕೊಂಡು ಕ್ರೇನ್ ಹತ್ತಿದ್ದೇ ತಪ್ಪು."

ಕೊನೆಯ ಮಾತು ಮುಳ್ಳಿನ ಹಾಗಿತ್ತು. ಚುಚ್ಚಬೇಕಾದಲ್ಲೇ ಚುಚ್ಚಿತು.

ಕಂಪನಿಯ ಅಂಗಳದಲ್ಲಿ ಕ್ರೇನಿನಿಂದ ಉಕ್ಕಿನ ಹೊರೆ ಕಳಚಿ, ಹೊರೆ ಕಟ್ಟುವ ಕೂಲಿಯೊಬ್ಬ ಅಡಿಯಲ್ಲಿ ಸಿಕ್ಕಿ ಸತ್ತಿದ್ದ. ಹೊಲಿಗೆಯಕ್ಕನ ಗಂಡ ಕ್ರೇನಣ್ಣ ಮೇಲೆ ಕೂತು ತೂಕಡಿಸಿದ ಎಂದು ಕಂಪನಿ ಹೇಳಿತು, ಹೌದು ಅವನಿಗೆ ನಿದ್ದೆಯ ಕಾಯಿಲೆ ಎಂದು ಈ ಆಸ್ಪತ್ರೆ ಬರೆದುಕೊಟ್ಟಿತು, ಅಂಗುಳ ಕೊಯ್ದ ಮರುದಿನ ಕ್ರೇನಣ್ಣನೇ ವಾರ್ಡಿನಲ್ಲಿ ಉಸಿರುಕಟ್ಟಿ ಹೋದ. ಸತ್ತವನ ಮೇಲೆ ಇನ್ನೊಬ್ಬ ಸತ್ತವನ ಸಾವನ್ನು ಹೊರಿಸಿ ಎಲ್ಲರೂ ಕೈ ತೊಳೆದುಕೊಂಡರು.

ನಾಳೆ ವಿಚಾರಣಾಧಿಕಾರಿ ವರದಿಗೆ ಸಹಿ ಹಾಕುತ್ತಾರೆ. ಆಮೇಲೆ ಹೊಲಿಗೆಯಕ್ಕ ಸಾಯುವವರೆಗೂ ಕೊಲೆಗಾರನ ಹೆಂಡತಿ. ಹೊರೆ ಕಟ್ಟುವವನ ತಾಯಿ ಅದೇ ಬೀದಿಯವಳು. ದಿನಾ ಬೆಳಿಗ್ಗೆ ಬಂದು ಇವಳ ಹೊಸಿಲಿಗೆ ಉಗಿದು ಹೋಗುತ್ತಿದ್ದಳು. ಇವಳು ಒರೆಸುತ್ತಿದ್ದಳು. ಮಗನನ್ನು ಕಳೆದುಕೊಂಡವಳ ಬಾಯಿಗೆ ಬೀಗ ಹಾಕುವ ಮಾತು ಯಾರ ಬಳಿ ಇದೆ? ಒಂದು ದಿನ ಮಾತ್ರ ಒರೆಸುವ ಬಟ್ಟೆಯನ್ನು ಅಲ್ಲೇ ಎಸೆದು, ನೆಟ್ಟಗೆ ಇನ್ಸ್‌ಪೆಕ್ಟರಮ್ಮನ ಬಾಗಿಲಿಗೆ ಬಂದಿದ್ದಳು. "ನನ್ ಗಂಡ ತೂಕಡಿಸಿರ್ಲಿಲ್ಲ. ಇದನ್ನ ನೀವು ಜಗತ್ತಿನ ಬಾಯಲ್ಲಿ ಹೇಳಿಸ್ಬೇಕು," ಎಂದಿದ್ದಳು.

ಇನ್ಸ್‌ಪೆಕ್ಟರಮ್ಮ ಈಗ ಇನ್ಸ್‌ಪೆಕ್ಟರ್ ಅಲ್ಲ. ಹೋಗಬಾರದ ದೊಡ್ಡವರ ಮನೆಯೊಂದಕ್ಕೆ ಬೇಡಿ ಹಿಡಿದು ಹೋದ ತಪ್ಪಿಗೆ ಇಲಾಖೆ ಅವಳನ್ನು ಹೊರಗೆ ಹಾಕಿತ್ತು. ಸಮವಸ್ತ್ರ ಹೋಯಿತು, ಹೆಸರು ಉಳಿಯಿತು. ಸಮವಸ್ತ್ರದ ಜೊತೆ ಹೋಗಬೇಕಿದ್ದ ಕೋಪವೂ ಉಳಿಯಿತು.

ಹೊಲಿಗೆಯಕ್ಕನ ಪಕ್ಕದಲ್ಲಿ ನಿಂತಿದ್ದ ಅವಳು ಪರದೆಯನ್ನು ನೋಡುತ್ತಿರಲಿಲ್ಲ. ಪರದೆಯ ಕೆಳಗಿನ ಗುಂಡಿಗಳನ್ನು ನೋಡುತ್ತಿದ್ದಳು.

"ಡಾಕ್ಟ್ರೇ, ಸದ್ದು ಹಾಕಿ."

"ಏನು?"

"ಸದ್ದು. ನೀವು ತೋರಿಸಿದ್ದು ಮೂಕಿ ಚಿತ್ರ. ಈ ಯಂತ್ರ ಕೋಣೆಯ ಸದ್ದನ್ನೂ ಹಿಡಿಯುತ್ತೆ ಅಂತ ಇದರ ಮೈಮೇಲೇ ಬರೆದಿದೆ."

"ಗಂಟಲು ನೋಡೋಕೆ ಸದ್ದು ಯಾತಕ್ಕಮ್ಮ? ನಾನೇನು ಹಾಡು ಕೇಳ್ತೀನಾ?"

"ನೀವು ಕೇಳಲ್ಲ. ಅದೇ ತಕರಾರು."

ಡಾಕ್ಟರು ಗಡಿಯಾರ ನೋಡಿದರು. ಹೊರಗೆ, ಕಾರಿಡಾರಿನ ಉದ್ದಕ್ಕೂ, ಮಣಿಕಟ್ಟಿಗೆ ಕಾಗದದ ಪಟ್ಟಿ ಕಟ್ಟಿಸಿಕೊಂಡ ಕಂಪನಿಯ ಆಳುಗಳು ಬೆಂಚಿನ ಮೇಲೆ ಕೂತಿದ್ದರು. ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲ, ನೀರೂ ಇಲ್ಲ. ಲಾರಿಯವರು, ಕ್ರೇನಿನವರು, ಕುಲುಮೆಯವರು. ಗೊರಕೆ ಹೊಡೆಯುತ್ತೀಯೋ ಎಂದು ಕಂಪನಿ ಕೇಳಿದಾಗ ಹೌದು ಎಂದವರೆಲ್ಲ ವ್ಯಾನು ಹತ್ತಿ ಬಂದಿದ್ದರು. ಸಂತೆಗೆ ಬಂದ ಕುರಿಗೂ ಒಂದು ಹಿಡಿ ಹುಲ್ಲು ಹಾಕುತ್ತಾರೆ.

"ನೀವು ಪೊಲೀಸಲ್ಲ ಈಗ," ಎಂದರು ಡಾಕ್ಟರು.

"ಅಲ್ಲ. ಅದಕ್ಕೇ ಮರ್ಯಾದೆಯಿಂದ ಮಾತಾಡ್ಬೇಕು ಅನ್ನೋ ಕಟ್ಟುಪಾಡೂ ಇಲ್ಲ. ಹೆಂಡತಿಗೆ ಪರೀಕ್ಷೆ ತೋರಿಸಿ ಅಂತ ವಿಚಾರಣಾಧಿಕಾರಿ ನಿಮಗೆ ಹೇಳಿದ್ದಾರೆ. ಅರ್ಧ ತೋರಿಸಿ ಅಂದಿಲ್ಲ."

ಡಾಕ್ಟರು ತುಟಿ ಬಿಗಿದು ಗುಂಡಿ ಒತ್ತಿದರು.

ಮತ್ತೆ ಅದೇ ಗುಹೆ. ಈ ಸಲ ಕೋಣೆಯ ಸದ್ದು. ಟ್ರೇಗೆ ಇಕ್ಕಳ ಬಿದ್ದ ಸದ್ದು, ಎಂಜಲು ಹೀರುವ ಕೊಳವೆಯ ಸೊರ್ ಸೊರ್, ಯಾವುದೋ ಯಂತ್ರದ ಟಿಕ್ ಟಿಕ್. ಗುಹೆ ತೆರೆದಿತ್ತು, ನೋಡನೋಡುತ್ತ ಮುಚ್ಚಿತು. ಮುಚ್ಚಿದ್ದು ಮುಚ್ಚಿಯೇ ಇತ್ತು.

ಇನ್ಸ್‌ಪೆಕ್ಟರಮ್ಮ ಹೊಲಿಗೆಯಕ್ಕನ ಕಡೆ ತಿರುಗಿದಳು. ಹೊಲಿಗೆಯಕ್ಕನ ಹುಬ್ಬು ಗಂಟಿಕ್ಕಿತ್ತು.

"ಗೊರಕೆ ಎಲ್ಲಿ?" ಎಂದಳು ಹೊಲಿಗೆಯಕ್ಕ.

ಡಾಕ್ಟರು ಮತ್ತೆ ಗಡಿಯಾರ ನೋಡಿದರು.

"ಅಲ್ಲ ಡಾಕ್ಟ್ರೇ, ನಮ್ಮನೆಯವರ ಗೊರಕೆ ಎಲ್ಲಿ? ಪಕ್ಕದ ಮನೆ ಮಗು ನಮ್ಮವರ ಗೊರಕೆ ಕೇಳ್ತಾ ಮಲಗ್ತಿತ್ತು. ಅವರು ಊರಿಗೆ ಹೋದ್ರೆ ಅದಕ್ಕೆ ನಿದ್ದೇನೇ ಬರ್ತಿರ್ಲಿಲ್ಲ. ಮೊದಲು ಗೊರಕೆ, ಆಮೇಲೆ ಉಸಿರು ನಿಲ್ಲೋದು, ಆಮೇಲೆ ಕುದುರೆ ಕೆನೆದ ಹಾಗೆ ಒಂದು ಸದ್ದು, ಮತ್ತೆ ಗೊರಕೆ. ಅಂಗಾತ ಮಲಗಿದ್ರೆ ಮಾತ್ರ. ಮಗ್ಗುಲಾದ್ರೆ ಅದೂ ಇಲ್ಲ. ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಒಂದು ಚೆಂಡು ಇಟ್ಟಿದ್ದೆ. ಅಂಗಾತ ಆದ್ರೆ ಒತ್ತುತ್ತೆ, ತಾನಾಗೇ ಮಗ್ಗುಲಾಗ್ತಾರೆ ಅಂತ. ಚೆಂಡು ಬಂದ ಮೇಲೆ ಹಗಲು ಒಂದು ಆಕಳಿಕೆ ನೋಡ್ಲಿಲ್ಲ ನಾನು. ನೀವು ಕೇಳಿದ್ರೆ ಹೇಳ್ತಿದ್ದೆ. ಕೇಳಿದ್ರಾ?"

"ಅಮ್ಮ, ಇದು ವೈದ್ಯಕೀಯ—"

"ನಿನ್ನೆ ದೊಡ್ಡಾಸ್ಪತ್ರೆಗೆ ಹೋಗಿದ್ದೆ," ಎಂದು ಇನ್ಸ್‌ಪೆಕ್ಟರಮ್ಮ ನಡುವೆ ಬಾಯಿ ಹಾಕಿದಳು. "ಅಲ್ಲೊಬ್ಬ ಬಡಗಿಗೆ ಇದೇ ಪರೀಕ್ಷೆ. ಬಾಗಿಲ ಹತ್ರ ನಿಂತ್ಕೊಳ್ಳಿ ಅಂದ್ರು, ನಿಂತ್ಕೊಂಡೆ. ಆ ಡಾಕ್ಟ್ರು ಕೆಮರಾ ಹಿಡ್ಕೊಂಡು ಸುಮ್ನೆ ಕೂತ್ರು. ಮತ್ತಿನ ಮದ್ದು ಹನಿ ಹನಿಯಾಗಿ ಇಳೀತಿತ್ತು. ನನಗೇ ಬೇಜಾರಾಯ್ತು, ಯಾಕೆ ಕಾಯ್ತಿದ್ದೀರಿ ಅಂದೆ. ಗೊರಕೆಗೆ ಅಂದ್ರು. ಗೊರಕೆ ಬರೋವರೆಗೂ ಅವರು ಒಂದು ಮಾತು ಬರೀಲಿಲ್ಲ. ಗೊರಕೆ ಬಂತು, ಉಸಿರು ನಿಂತಿತು, ಆಗ ನೋಡಿದ್ರು. ನಿಮ್ಮ ಚಿತ್ರದಲ್ಲಿ ಮದುವೆಯಾಗದೇ ಬಾಣಂತನ ಆಗಿದೆ."

ಗಂಟಲು ಡಾಕ್ಟರ ಕಿವಿ ಕೆಂಪಾಯಿತು.

"ಮತ್ತು ಕೊಡೋದು ನನ್ನ ಕೆಲಸವಲ್ಲ."

"ಗೊತ್ತು. ಯಾರ ಕೆಲಸವೋ ಅವರು ಆಗಿನಿಂದ ಬಾಗಿಲ ಹೊರಗೆ ನಿಂತಿದ್ದಾರೆ. ಗಾಜಿನಲ್ಲಿ ಕಾಣ್ತಿದೆ. ಬನ್ನಿ ತಾಯಿ, ಒಳಗೆ ಬನ್ನಿ. ನಿಂತು ನಿಂತು ಕಾಲು ನೋಯಿಸ್ಕೋಬೇಡಿ."

ಬಾಗಿಲು ತೆರೆಯಿತು. ಮತ್ತಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ತಲೆಗೆ ಹಸಿರು ಟೋಪಿ ಹಾಗೇ ಇತ್ತು. ಒಳಗೆ ಬಂದವಳು ಯಾರ ಮುಖವನ್ನೂ ನೋಡದೆ ಪರದೆಯನ್ನು ನೋಡಿದಳು.

"ನೀವು ಹೊರಗೆ ಹೋಗಿ," ಎಂದರು ಗಂಟಲು ಡಾಕ್ಟರು. "ಮುಂದಿನ ಪೇಷೆಂಟ್ ತಯಾರಿ ಮಾಡಿ."

"ಮಾಡಲ್ಲ ಸರ್."

"ಏನಂದ್ರಿ?"

"ಇವತ್ತು ಮಾಡಲ್ಲ." ಅವಳ ದನಿ ನಡುಗುತ್ತಿತ್ತು. ಆದರೆ ಅದು ಹೆದರಿಕೆಯ ನಡುಕವಲ್ಲ ಎಂದು ಇನ್ಸ್‌ಪೆಕ್ಟರಮ್ಮನಿಗೆ ಥಟ್ಟನೆ ತಿಳಿಯಿತು. ತನ್ನದೇ ದನಿಯಲ್ಲಿ ಆ ನಡುಕವನ್ನು ಅವಳು ಎಷ್ಟು ಸಲ ಕೇಳಿರಲಿಲ್ಲ!

ಮತ್ತಿನ ಡಾಕ್ಟರಮ್ಮ ಪರದೆಯ ಮೂಲೆಗೆ ಕೈ ತೋರಿಸಿದಳು. ಅಲ್ಲೊಂದು ಪುಟ್ಟ ಅಂಕಿ ಮಿಣುಕುತ್ತಿತ್ತು.

"ಇದು ನಿದ್ದೆ ಎಷ್ಟು ಆಳ ಅಂತ ಹೇಳೋ ಅಂಕಿ. ಕೆಳಗಿಳಿದಷ್ಟೂ ಆಳ. ನಿಜವಾದ ನಿದ್ದೆ ಥರ ಇರ್ಬೇಕು ಅಂದ್ರೆ ನಡುವೆ ಎಲ್ಲೋ ನಿಲ್ಲಿಸಿ ನೋಡ್ಬೇಕು. ಇಲ್ಲಿ ನೋಡಿ, ಪಾತಾಳದಲ್ಲಿದೆ. ಇದು ನಿದ್ದೆ ಅಲ್ಲ ಅಮ್ಮ, ಮುಳುಗಿಸಿದ್ದು. ಇಷ್ಟು ಮತ್ತು ಕೊಟ್ರೆ ನನ್ನ ಗಂಟಲೂ ಮುಚ್ಚುತ್ತೆ, ಸರ್ ಗಂಟಲೂ ಮುಚ್ಚುತ್ತೆ. ಕಾಯಿಲೆ ಇರೋರದ್ದು, ಇಲ್ಲದೋರದ್ದು, ಎಲ್ಲರದ್ದೂ."

"ಸಿರಿಂಜ್ ಹಿಡಿದಿದ್ದು ನಿಮ್ಮ ಕೈ," ಎಂದರು ಗಂಟಲು ಡಾಕ್ಟರು.

"ನನ್ನ ಕೈಯೇ. ಹನಿಯಾಗಿ ಬಿಡ್ತೀನಿ ಸರ್, ಹೊತ್ತಾಗುತ್ತೆ ಅಂದೆ. ವ್ಯಾನ್ ಕಾಯ್ತಿದೆ, ಒಂದೇ ಸಲ ತಳ್ಳು ಅಂದ್ರಿ. ತಳ್ಳಿದೆ. ಆ ಕೈಯನ್ನ ನಾನು ಮನೆಗೆ ಹೋಗಿ ತೊಳೀತಾ ಇದ್ದೀನಿ, ಕಲೆ ಹೋಗ್ತಿಲ್ಲ."

ಹೊಲಿಗೆಯಕ್ಕ ಅವಳನ್ನೇ ನೋಡಿದಳು. ಬೈಯಲು ತೆರೆದ ಬಾಯಿ ಹಾಗೇ ನಿಂತಿತು. ಬೈಗುಳಕ್ಕೂ ಒಂದು ವಿಳಾಸ ಬೇಕು. ತಾನೇ ತಪ್ಪೊಪ್ಪಿಕೊಂಡವಳ ಮನೆಗೆ ಅದು ಹೋಗುವುದಿಲ್ಲ.

"ಪೂರ್ತಿ ಹಾಕಿ ಸರ್," ಎಂದಳು ಮತ್ತಿನ ಡಾಕ್ಟರಮ್ಮ. "ನೀವು ತೋರಿಸಿದ್ದು ಕತ್ತರಿಸಿದ ತುಂಡು. ಯಂತ್ರದಲ್ಲಿ ಪೂರ್ತಿ ಇದೆ."

"ಇಲ್ಲ. ಅಳಿಸಿದ್ದೀನಿ."

"ಇದೆ."

ಅವಳೇ ಮುಂದೆ ಬಂದಳು. ಗಂಟಲು ಡಾಕ್ಟರು ಕುರ್ಚಿಯಿಂದ ಏಳುವಷ್ಟರಲ್ಲಿ ಇನ್ಸ್‌ಪೆಕ್ಟರಮ್ಮ ಅವರ ಹೆಗಲ ಮೇಲೆ ಕೈಯಿಟ್ಟಳು. ಗೆಳೆತನದಿಂದ ಇಟ್ಟ ಹಾಗೇ ಇತ್ತು. ಡಾಕ್ಟರು ಕೂತರು.

ಗುಹೆ ಮುಚ್ಚಿತ್ತು. ಟಿಕ್ ಟಿಕ್ ಎನ್ನುವ ಯಂತ್ರ ಇದ್ದಕ್ಕಿದ್ದಂತೆ ಕೀರಲು ದನಿ ತೆಗೆಯಿತು. ಯಾರೋ ಗದರಿದರು. ಆಮೇಲೆ ಇದೇ ಹುಡುಗಿಯ ದನಿ: "ಮುಖ ನೀಲಿಗೆ ತಿರುಗ್ತಿದೆ ಸರ್, ದವಡೆ ಎತ್ತಿ ಹಿಡೀತೀನಿ."

ಮರುಗಳಿಗೆ ಪರದೆಯ ಮೇಲಿನ ಗುಹೆ, ಕದದ ಅಗುಳಿ ತೆಗೆದ ಹಾಗೆ, ತೆರೆದುಕೊಂಡಿತು. ಅಷ್ಟಗಲ. ಆಳದಲ್ಲಿ ಕತ್ತಲೆಯ ದಾರಿ, ಅದರ ಆಚೆ ಬೆಳ್ಳಗೆ ಎರಡು ದಾರಗಳ ಹಾಗೆ ಕ್ರೇನಣ್ಣನ ದನಿಯ ತಂತಿಗಳು.

ಯಂತ್ರದೊಳಗಿನ ಹುಡುಗಿ ಹೇಳಿದಳು: "ಪೂರ್ತಿ ತೆರೀತು ಸರ್, ನೋಡಿ. ನಾಲಗೆ ಬುಡ ಹಿಂದೆ ಬೀಳ್ತಿದೆ ಅಷ್ಟೆ. ಅಂಗುಳ ಮುಟ್ಟೋದೇ ಬೇಡ."

ಯಂತ್ರದೊಳಗಿನ ಡಾಕ್ಟರು ಹೇಳಿದರು: "ನಿನ್ನನ್ನ ಯಾರು ಕೇಳಿದ್ರು? ದವಡೆ ಬಿಡು. ಮುಚ್ಚಿರೋದೇ ಬೇಕು ನನಗೆ."



ಹೊಲಿಗೆಯಕ್ಕ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಅವಳಿಗೇ ಗೊತ್ತಿಲ್ಲ.

"ಹಾಗಾದ್ರೆ ಯಾಕೆ ಕೊಯ್ದಿರಿ?"

ಡಾಕ್ಟರು ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದರು.

"ಬೇಡದಿದ್ದ ಜಾಗ ಯಾಕೆ ಕೊಯ್ದಿರಿ ಅಂತ ಕೇಳಿದೆ."

ಮತ್ತಿನ ಡಾಕ್ಟರಮ್ಮನೇ ಹೇಳಿದಳು. ಹೇಳುವಾಗ ಗೋಡೆಯನ್ನು ನೋಡುತ್ತಿದ್ದಳು. "ಕೊಯ್ದ ಜಾಗ ಊದ್ಕೊಳ್ಳುತ್ತೆ ಅಮ್ಮ. ಮೇಲೆ ಊತ, ಕೆಳಗೆ ನಾಲಗೆ ಬುಡದ ತಡೆ ಹಾಗೇ ಇದೆ. ಅಂಗಾತ ಮಲಗಿಸಿದ್ರು ವಾರ್ಡಿನಲ್ಲಿ. ಉಸಿರಿಗೆ ದಾರಿ ಎಲ್ಲಿದೆ?"

"ಅಂಗಾತ ಮಲಗಿಸಿದ್ರು," ಎಂದಳು ಹೊಲಿಗೆಯಕ್ಕ.

ಅಷ್ಟೇ. ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು.

ಇನ್ಸ್‌ಪೆಕ್ಟರಮ್ಮನಿಗೆ ಡಾಕ್ಟರ ಹೆಗಲು ಬಿಡಲು ಮನಸ್ಸಾಗಲಿಲ್ಲ. ಕೊಲೆಗೆ ಅವಳು ಚಾಕು ನೋಡಿದ್ದಳು, ಕಲ್ಲು ನೋಡಿದ್ದಳು, ವಿಷ ನೋಡಿದ್ದಳು. ಸಹಿ ಹಾಕಿದ, ಮೊಹರು ಒತ್ತಿದ, ಕೈಗೆ ಗ್ಲೌಸು ಹಾಕಿಕೊಂಡು ಮಾಡಿದ ಕೊಲೆಗೆ ಯಾವ ಕಲಮು ಎಂದು ಅವಳಿಗೆ ಇಲಾಖೆಯಲ್ಲಿ ಯಾರೂ ಕಲಿಸಿರಲಿಲ್ಲ. ಬಡವನ ಎದೆ ಒಡೆದರೆ ಅಪಘಾತ. ಬಡವನ ಗಂಟಲು ಮುಚ್ಚಿದರೆ ಕಾಯಿಲೆ. ಕಾಯಿಲೆ ಇಲ್ಲದಿದ್ದರೆ ಮತ್ತು ಕೊಟ್ಟು ಬರಿಸು.

"ಈಗ ನಾನು ಹೇಳ್ತೀನಿ, ನೀವು ತಲೆಯಾಡಿಸಿ," ಎಂದಳು ಅವಳು, ಕೈಯನ್ನು ಡಾಕ್ಟರ ಹೆಗಲಿನಿಂದ ತೆಗೆಯದೆಯೇ. "ಹೊರೆ ಬಿತ್ತು. ಯಾಕೆ ಬಿತ್ತು ಅಂತ ಕೇಳಿದ್ರೆ ಕ್ರೇನಿನ ಕಡೆ ನೋಡ್ಬೇಕಾಗುತ್ತೆ. ಕಂಪನಿಗೆ ಅದು ಬೇಡ. ಕೂತವನು ತೂಕಡಿಸಿದ ಅಂದ್ಬಿಟ್ರೆ ಕೆಲಸ ಮುಗೀತು. ತೂಕಡಿಸಿದ ಅನ್ನೋಕೆ ಕಾಯಿಲೆ ಬೇಕು. ಕಾಯಿಲೆ ಇದೆ ಅನ್ನೋಕೆ ನೀವು ಬೇಕು. ಬರೀ ಬರೆದು ಬಿಟ್ರೆ ಯಾರಾದ್ರೂ ಅನುಮಾನ ಪಡ್ತಾರೆ. ಕೊಯ್ದ್ರೆ? ಆಪರೇಷನ್ನೇ ಆಗಿದೆಯಲ್ಲ, ಕಾಯಿಲೆ ಇಲ್ದೆ ಕೊಯ್ತಾರಾ ಅಂತಾರೆ ಜನ. ಆ ಮನುಷ್ಯನ ಗಂಟಲು ಕಂಪನಿಗೆ ಬೇಕಾದ ಸಾಕ್ಷಿ. ಸಾಕ್ಷಿ ತಯಾರು ಮಾಡೋವಾಗ ಮನುಷ್ಯ ಸತ್ತ. ಹೌದೋ ಅಲ್ವೋ?"

ಡಾಕ್ಟರು ಮೊದಲು ಮುಖ ಒರೆಸಿಕೊಂಡರು. ಆಮೇಲೆ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡಾಗ ಅವರ ಮುಖ ಬೇರೆಯೇ ಆಗಿತ್ತು. ಮೂಲೆಗೆ ಬಿದ್ದ ಬೆಕ್ಕು ತಪ್ಪಿಸಿಕೊಳ್ಳುವ ಯೋಚನೆ ಬಿಟ್ಟು ಉಗುರು ತೆಗೆಯುವ ಹೊತ್ತಿನ ಮುಖ.

"ಕಂಪನಿಗೆ ಬೇಕಿತ್ತು. ಹೌದು," ಎಂದರು. "ಕಂಪನಿಗೆ ಮಾತ್ರ ಬೇಕಿತ್ತು ಅಂದ್ಕೊಂಡಿದ್ದೀರಾ?"

"ಅಂದ್ರೆ?"

"ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನನ್ನೊಬ್ಬನ ಕುತ್ತಿಗೆಗೆ ಹಗ್ಗ ಹಾಕೋಕೆ ಬಂದಿದ್ದೀರಲ್ಲ, ಪೂರ್ತಿ ಬೇಕು ಅಂದ್ರಲ್ಲ, ಪೂರ್ತಿ ಕೇಳಿ. ಇದನ್ನ ಅಳಿಸದೆ ಯಾಕೆ ಇಟ್ಕೊಂಡಿದ್ದೆ ಗೊತ್ತಾ? ಇಂಥ ದಿನಕ್ಕೆ ಅಂತಲೇ."

ಅವರು ಹೆಗಲ ಮೇಲಿನ ಕೈಯನ್ನು ಕೊಡವಿ, ತಾವೇ ಗುಂಡಿ ಒತ್ತಿ ಚಿತ್ರವನ್ನು ಹಿಂದಕ್ಕೋಡಿಸಿದರು. ಮುಚ್ಚಿದ ಗುಹೆ ತೆರೆಯಿತು, ಗುಹೆ ಮೂಗಾಯಿತು, ಮೂಗು ಬೆಳಕಾಯಿತು. ಕೊನೆಗೆ ಪರದೆಯ ಮೇಲೆ ಉಳಿದದ್ದು ಚಾವಣಿಯ ಒಂದು ದೀಪ, ಅರ್ಧಂಬರ್ಧ.

"ಕೆಮರಾ ಇನ್ನೂ ಮೇಜಿನ ಮೇಲೆ ಬಿದ್ದಿತ್ತು. ಇವರು," ಎಂದು ಮತ್ತಿನ ಡಾಕ್ಟರಮ್ಮನ ಕಡೆ ಗದ್ದ ತೋರಿಸಿದರು, "ಆಗ ಬಂದಿರ್ಲಿಲ್ಲ. ಕೋಣೇಲಿ ನಾನು ಮತ್ತು ಅವನು."

ಯಂತ್ರ ಕೆಮ್ಮಿತು. ಆ ಕೆಮ್ಮು ಕೇಳಿಸಿದ್ದೇ ಹೊಲಿಗೆಯಕ್ಕನ ಕೈಯಿಂದ ಚೀಲ ಜಾರಿತು.

"ಡಾಕ್ಟ್ರೇ, ಒಂದು ಮಾತಿತ್ತು." ಕ್ರೇನಣ್ಣನ ದನಿ. ಅಗಲವಾದ, ಅವಸರವಿಲ್ಲದ ದನಿ. ಮೇಲೆ ಕೂತು ಕೆಳಗಿನವರಿಗೆ ಕೂಗಿ ಹೇಳಿ ಅಭ್ಯಾಸವಾದವನು ಕೋಣೆಯೊಳಗೆ ದನಿ ತಗ್ಗಿಸಲು ಕಷ್ಟಪಡುತ್ತಿದ್ದ. "ಕಾಯಿಲೆ ಜೋರಾಗೇ ಇದೆ ಅಂತ ಬರೀರಿ."

"ಪರೀಕ್ಷೆ ಮಾಡ್ದೆ ಹೇಗಯ್ಯ ಬರೀಲಿ?"

"ಮಾಡಿ. ಕೊಯ್ಯೋದಿದ್ರೆ ಕೊಯ್ರಿ. ಒಟ್ಟಿನಲ್ಲಿ ನಾನು ತೂಕಡಿಸಿದೆ ಅಂತಾಗ್ಬೇಕು."

ಯಂತ್ರದಲ್ಲಿ ಡಾಕ್ಟರು ನಕ್ಕರು. "ಕಾಯಿಲೆ ಇಲ್ಲ ಅಂತ ಬರ್ಕೊಡಿ ಅಂತ ಕಾಲು ಹಿಡಿಯೋರ್ನ ನೋಡಿದ್ದೀನಿ. ನೀನೊಬ್ಬ ಸಿಕ್ಕಿದೆ ನೋಡು ಇದೆ ಅಂತ ಬರೀರಿ ಅನ್ನೋನು. ಯಾಕೆ, ನಿಜವಾಗಿ ತೂಕಡಿಸಿರ್ಲಿಲ್ವಾ?"

ಯಂತ್ರದೊಳಗೆ ಮಂಚ ಕಿರುಗುಟ್ಟಿತು.

ಇನ್ಸ್‌ಪೆಕ್ಟರಮ್ಮ ಪರದೆಯತ್ತ ಬಗ್ಗಿದಳು. ಈ ಒಂದು ಉತ್ತರಕ್ಕಾಗಿ ಅವಳು ಕಂಪನಿಯ ಗೇಟಿನಿಂದ ನೂಕಿಸಿಕೊಂಡಿದ್ದಳು, ಕಾವಲಿನವರ ನಾಯಿಯಿಂದ ಬೆನ್ನಟ್ಟಿಸಿಕೊಂಡಿದ್ದಳು. ಉತ್ತರ ಕೊಡಬೇಕಾದವನೇ ಈಗ ಕೊಡುತ್ತಿದ್ದ.

"ಹಗ್ಗ ಹರೀತು ಡಾಕ್ಟ್ರೇ. ಉಕ್ಕಿನ ಹಗ್ಗ. ಒಳಗೆಲ್ಲ ತುಕ್ಕು. ಬದಲಾಯ್ಸಿ ಬದಲಾಯ್ಸಿ ಅಂತ ಬಾಯಿ ಬಡ್ಕೊಂಡ್ವಿ. ಮೇಲೆ ದೇವರೇ ಕೂತಿದ್ರೂ ಅವತ್ತು ಹರೀತಿತ್ತು."

ಇನ್ಸ್‌ಪೆಕ್ಟರಮ್ಮ ಅಂಗೈಗೆ ಮುಷ್ಟಿಯಿಂದ ಗುದ್ದಿದಳು. "ಬಂತು!" ಎಂದಳು. "ತಾಯಿ, ಬಂತು! ಅವರ ಬಾಯಲ್ಲೇ ಬಂತು!"

ಹೊಲಿಗೆಯಕ್ಕನ ಕೆನ್ನೆ ಒದ್ದೆಯಾಗಿತ್ತು. ಅವಳು ಪರದೆಯ ದೀಪವನ್ನು ಗಂಡನ ಮುಖ ನೋಡುವ ಹಾಗೆ ನೋಡುತ್ತಿದ್ದಳು. "ತೂಕಡಿಸಿರ್ಲಿಲ್ಲ," ಎಂದು ತನಗೇ ಹೇಳಿಕೊಂಡಳು. "ನಾನು ಹೇಳಿರ್ಲಿಲ್ವಾ? ತೂಕಡಿಸಿರ್ಲಿಲ್ಲ."

"ಇನ್ನೂ ಇದೆ," ಎಂದರು ಗಂಟಲು ಡಾಕ್ಟರು. ಅವರ ತುಟಿಯ ಮೂಲೆಯಲ್ಲಿ ಏನೋ ಇತ್ತು. ಅದಕ್ಕೆ ನಗು ಎಂದು ಹೆಸರಿಟ್ಟರೆ ನಗುವಿಗೆ ಅವಮಾನ.

ಯಂತ್ರದೊಳಗಿನ ಡಾಕ್ಟರು ಕೇಳಿದರು: "ಹಾಗಾದ್ರೆ ಹಗ್ಗ ಅಂತ ಹೇಳು. ತಪ್ಪು ನಿನ್ನದಲ್ಲವಲ್ಲ."

"ಹೇಗೆ ಹೇಳ್ಲಿ? ಹಗ್ಗದ ಮಾತೆತ್ತಿದ್ರೆ ಕ್ಯಾಬಿನ್ನಲ್ಲಿ ಕೂತು ನೋಡಿದ್ದು ಯಾರು ಅಂತ ಕೇಳ್ತಾರೆ. ಆವಾಗ ಕ್ಯಾಬಿನ್ನಲ್ಲಿ ನಾನಿರ್ಲಿಲ್ಲ ಡಾಕ್ಟ್ರೇ. ಕೆಳಗೆ ನಿಂತಿದ್ದೆ."

ಇನ್ಸ್‌ಪೆಕ್ಟರಮ್ಮನ ಮುಷ್ಟಿ ಗಾಳಿಯಲ್ಲೇ ನಿಂತಿತು.

"ಆಳು ಕಮ್ಮಿ, ಯಾರನ್ನಾದ್ರೂ ಹತ್ತಿಸು, ಕೆಲಸ ನಿಲ್ಲಬಾರ್ದು ಅಂದ್ರು ಮೇಲಿನವರು. ನಾನೇ ನಮ್ಮನೆ ಹುಡುಗನ್ನ ಹತ್ತಿಸ್ದೆ. ಕೈ ಚೆನ್ನಾಗಿ ಕೂತಿತ್ತು ಅವನಿಗೆ, ತಪ್ಪು ಹೇಳಲ್ಲ. ಆದ್ರೆ ಪರವಾನಗಿ ಇಲ್ಲ. ಈಗ ಹೆಸರು ಹೊರಗೆ ಬಂದ್ರೆ ಕಂಪನಿ ಹಗ್ಗ ಮುಚ್ಚಿಟ್ಟು ಅವನನ್ನ ಒಳಗೆ ಹಾಕಿಸುತ್ತೆ. ಪರವಾನಗಿ ಇಲ್ದೆ ಹತ್ತಿ ಆಳು ಕೊಂದ ಅಂತ. ನಾನಾದ್ರೆ ಕಾಯಿಲೆಯವನು, ಬೈದು ಬಿಡ್ತಾರೆ. ಅವನು ಜೈಲಿಗೆ ಹೋದ್ರೆ ನನ್ ಹೆಂಡ್ತಿ ಉಳಿಯಲ್ಲ ಡಾಕ್ಟ್ರೇ. ತಾಯಿ ಸತ್ತ ದಿನದಿಂದ ಹೊಲಿಗೆ ಮಿಷನ್ ಕೆಳಗೆ ಮಲಗಿಸ್ಕೊಂಡು ಸಾಕಿದಾಳೆ. ಅವನು ಅವಳ—"

ಪರದೆ ಕಪ್ಪಾಯಿತು.

ಹೊಲಿಗೆಯಕ್ಕ ಗೋಡೆಯ ಬಳಿ ಬಗ್ಗಿದ್ದಳು. ಅವಳ ಕೈಯಲ್ಲಿ ಯಂತ್ರದ ಪ್ಲಗ್ಗು 
ಇತ್ತು. ಕಿತ್ತ ರಭಸಕ್ಕೆ ಗೋಡೆಯ ಸುಣ್ಣ ಉದುರಿ ಅವಳ ಪಾದದ ಮೇಲೆ ಬಿದ್ದಿತ್ತು.

"ತಾಯಿ," ಎಂದಳು ಇನ್ಸ್‌ಪೆಕ್ಟರಮ್ಮ ಮೆಲ್ಲಗೆ. "ನಿಮ್ಮ ತಮ್ಮನಾ?"

"ನನ್ ಗಂಡ ತೂಕಡಿಸಿದ್ದ."

"ತಾಯಿ—"

"ತೂಕಡಿಸಿದ್ದ ಅಂದೆನಲ್ಲ! ರಾತ್ರಿಯೆಲ್ಲ ಗೊರಕೆ, ಹಗಲೆಲ್ಲ ಆಕಳಿಕೆ. ಇಡೀ ಬೀದಿ ಹೇಳುತ್ತೆ. ಕೊಯ್ಯಲೇಬೇಕಿತ್ತು, ಕೊಯ್ದ್ರು. ಹಣೆಬರಹ, ಹೋದ್ರು. ಹಾಗಂತಲೇ ಬರೆಸಿ ನಾಳೆ."

"ಆ ಹಗ್ಗಕ್ಕೆ ಸಾಕ್ಷಿ ಇದೊಂದೇ!" ಇನ್ಸ್‌ಪೆಕ್ಟರಮ್ಮನ ದನಿ ಕಾರಿಡಾರಿಗೂ ಕೇಳಿಸಿರಬೇಕು, ಬೆಂಚಿನವರು ಕುತ್ತಿಗೆ ತಿರುಗಿಸಿದರು. "ಅದೇ ತುಕ್ಕಿನ ಹಗ್ಗದ ಕೆಳಗೆ ಇವತ್ತೂ ಜನ ನಿಂತಿದ್ದಾರೆ. ಹೊರಗೆ ಕೂತಿರೋರ ಗಂಟಲಿಗೆ ಇವತ್ತೂ ಚಾಕು ಇಳಿಯುತ್ತೆ. ನಿಮ್ಮ ಹೊಸಿಲಿಗೆ ಉಗಿಯೋ ಆ ತಾಯಿಗೆ ಮಗ ಹೇಗೆ ಸತ್ತ ಅಂತ ಗೊತ್ತಾಗೋದು ಬೇಡವಾ?"

"ಯಾವ ಹಗ್ಗ?" ಎಂದಳು ಹೊಲಿಗೆಯಕ್ಕ.

ಅವಳ ಕಣ್ಣು ನೇರವಾಗಿತ್ತು. ಒಣಗಿತ್ತು. ಇನ್ಸ್‌ಪೆಕ್ಟರಮ್ಮ ಜೀವಮಾನದಲ್ಲಿ ನೂರಾರು ಸುಳ್ಳುಗಾರರನ್ನು ಎದುರು ಕೂರಿಸಿಕೊಂಡಿದ್ದಳು. ಇಷ್ಟು ಗಟ್ಟಿಯಾಗಿ ನಿಂತ ಸುಳ್ಳನ್ನು ಕಂಡಿರಲಿಲ್ಲ.

ಗಂಟಲು ಡಾಕ್ಟರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಅವರ ದನಿಗೆ ಬೆಣ್ಣೆ ಬಂದಿತ್ತು.

"ಅಳಿಸಿಬಿಡ್ಲಾ ಅಮ್ಮ? ನಿಮ್ಮ ಮನೆಯವರದ್ದು. ನೀವು ಹೂಂ ಅಂದ್ರೆ ಸಾಕು."

"ಸರ್, ಬೇಡ!" ಎಂದಳು ಮತ್ತಿನ ಡಾಕ್ಟರಮ್ಮ.

"ಹೂಂ," ಎಂದು ಹೊಲಿಗೆಯಕ್ಕ ಪ್ಲಗ್ಗನ್ನು ಡಾಕ್ಟರ ಕಡೆಗೆ ಚಾಚಿದಳು.

ಇನ್ಸ್‌ಪೆಕ್ಟರಮ್ಮ ನಡುವೆ ನುಗ್ಗಿ ವಯರನ್ನು ಹಿಡಿದಳು. ತಾನು ಯಾರ ಪರವಾಗಿ ಈ ಕಟ್ಟಡದ ಮೆಟ್ಟಿಲು ಹತ್ತಿದ್ದಳೋ ಅವಳ ಕೈಯಿಂದಲೇ ಅದನ್ನು ಕಿತ್ತುಕೊಳ್ಳಬೇಕಾಗಿತ್ತು. ಎಳೆದಳು. ಹೊಲಿಗೆಯಕ್ಕ ಬಿಡಲಿಲ್ಲ. ವಯರು ಇಬ್ಬರ ನಡುವೆ ಬಿಗಿಯಾಯಿತು.